ಹಡಗಿನ ಮೇಲೆ ಗಾಜು ಊದುವ ಕ್ಲಾಸ್: ಬುಕಿಂಗ್‌ನಿಂದ ಮನೆ ತಲುಪಿಸುವವರೆಗೆ

ಅಲಾಸ್ಕಾ ಕಡೆ ಹೊರಟ ಕ್ರೂಸ್ ಹಡಗಿನ ಮೇಲಿನ ಡೆಕ್. ಸ್ವೆಟರ್ ಹಾಕಿದ್ದರೂ ಚಳಿ ಒಳಗೆ ನುಗ್ಗುತ್ತಿತ್ತು. ಆದರೆ ಒಂದು ಮೂಲೆಯಲ್ಲಿ ಮಾತ್ರ ಆಲೆಮನೆ ಮುಂದೆ ನಿಂತಷ್ಟು ಕಾವು. ಕುಲುಮೆಯ ಬಾಗಿಲು ಸರಿಸಿದಾಗ ಒಳಗೆ ಕಿತ್ತಳೆ ಬಣ್ಣದಲ್ಲಿ ಗಾಜು ಹೊಳೆಯಿತು. ಕಲಾವಿದ ಕೊಳವೆ ಅದ್ದಿ ತಿರುಗಿಸಿ ಎತ್ತಿದ. ತುದಿಯಲ್ಲಿ ನಿಂಬೆಹಣ್ಣಿನಷ್ಟು ಗಾಜು ಸುತ್ತಿಕೊಂಡು ಬಂತು. ಅಮ್ಮ ನನ್ನ ಕೈ ಹಿಡಿದು, "ಬೆಲ್ಲದ ಪಾಕ ಇದ್ದ ಹಾಗಿದೆ ಕಣೇ" ಅಂದಳು.

ಅಮ್ಮ ಮಂಡ್ಯ ಕಡೆಯವಳು, ಕೊಪ್ಪರಿಗೆಯ ಪಾಕ ನೋಡುತ್ತಲೇ ಬೆಳೆದವಳು. ಅವಳು ಹೇಳಿದ್ದು ಸರಿಯಾಗೇ ಇತ್ತು. ಕಾದ ಗಾಜು ನೀರಿನಂತೆ ಹರಿಯುವುದಿಲ್ಲ, ಮುದ್ದೆಯಂತೆ ನಿಲ್ಲುವುದೂ ಇಲ್ಲ. ಎಳೆದರೆ ಎಳೆ ಬರುತ್ತದೆ, ಸುಮ್ನೆ ಬಿಟ್ಟರೆ ಜೋತು ಬೀಳುತ್ತದೆ, ಸ್ವಲ್ಪ ಆರಿದರೆ ಮಾತು ಕೇಳುವುದನ್ನು ನಿಲ್ಲಿಸುತ್ತದೆ. ಹದ ಗೊತ್ತಿದ್ದವರ ಕೈಯಲ್ಲಿ ಅದು ಏನು ಬೇಕಾದರೂ ಆಗುತ್ತದೆ.

ಈ ಕ್ಲಾಸಿಗೆ ಹೋಗಬೇಕು ಅಂದುಕೊಂಡವರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಒಂದಿದೆ. ಹೆಚ್ಚಿನವರು ಮನೆಗೆ ಯಾವ ವಸ್ತು ತರಬಹುದು ಅಂತ ನೋಡಿ ಕ್ಲಾಸ್ ಆರಿಸುತ್ತಾರೆ. ಹಾಗೆ ಮಾಡಬೇಡಿ. ನಿಮ್ಮ ಕೈಗೆ ಎಷ್ಟು ಕೆಲಸ ಸಿಗುತ್ತದೆ ಅಂತ ನೋಡಿ ಆರಿಸಿ. ವಸ್ತುವನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು. ಕೊಳವೆಯ ತುದಿಯಲ್ಲಿ ಗಾಜು ತೂಗುವ ಆ ಭಾರ ಮಾತ್ರ ಕೊಳ್ಳಲು ಸಿಗುವುದಿಲ್ಲ.

ಹಂತ 1: ಯಾವ ಹಡಗು, ಈಗಲೂ ಇದೆಯಾ ಅಂತ ಕೇಳಿ

ಗಾಜಿನ ಕುಲುಮೆ ಎಲ್ಲ ಕ್ರೂಸ್ ಹಡಗಿನಲ್ಲೂ ಇರುವುದಿಲ್ಲ. ತೀರಾ ಅಪರೂಪ. ಇದಕ್ಕೆ ಹೆಸರಾದದ್ದು ಸೆಲೆಬ್ರಿಟಿ ಕ್ರೂಸಸ್ ಕಂಪನಿಯ ಹಡಗುಗಳು. 2008ರಲ್ಲಿ ನೀರಿಗಿಳಿದ ಸೆಲೆಬ್ರಿಟಿ ಸಾಲ್ಸ್ಟಿಸ್ ಹಡಗಿನ ಮೇಲಿನ ಡೆಕ್‌ನಲ್ಲಿ ನಿಜವಾದ ಹುಲ್ಲು ಬೆಳೆಸಿ, ಅದರ ಪಕ್ಕದಲ್ಲೇ ಗಾಜಿನ ಸ್ಟುಡಿಯೋ ಕಟ್ಟಿದರು. ಜೊತೆಗೆ ನಿಂತದ್ದು ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಊರಿನ ಗಾಜಿನ ಮ್ಯೂಸಿಯಂ. 2009ರ ಈಕ್ವಿನಾಕ್ಸ್, 2010ರ ಎಕ್ಲಿಪ್ಸ್ ಹಡಗುಗಳಲ್ಲೂ ಅದೇ ಏರ್ಪಾಡು ಬಂತು. ಮೊದಲ ವರ್ಷಗಳಲ್ಲಿ ಮುಖ್ಯವಾಗಿ ಕುಳಿತು ನೋಡುವ ಪ್ರದರ್ಶನ ಇತ್ತು. ಆಮೇಲೆ ಫ್ಲೋರಿಡಾದ ಹಾಲಿವುಡ್ ಹಾಟ್ ಗ್ಲಾಸ್ ಎಂಬ ಸಂಸ್ಥೆ ಬಂದು, ಪ್ರಯಾಣಿಕರೇ ದುಡ್ಡು ಕೊಟ್ಟು ಕೈಯಾರೆ ಮಾಡುವ ಕ್ಲಾಸ್‌ಗಳನ್ನು ನಡೆಸಿತು.

ಇಲ್ಲಿ ಒಂದು ಎಚ್ಚರ. ಒಂದೇ ಬಗೆಯ ಹಡಗುಗಳು ಅಂದಮೇಲೆ ಎಲ್ಲದರಲ್ಲೂ ಇರಬೇಕಲ್ವಾ ಅಂತ ಅಂದುಕೊಳ್ಳಬೇಡಿ. ಅದೇ ಸಾಲಿನ ಸಿಲುಯೆಟ್ ಮತ್ತು ರಿಫ್ಲೆಕ್ಷನ್ ಹಡಗುಗಳಲ್ಲಿ ಗಾಜಿನ ಜಾಗಕ್ಕೆ ಊಟದ ಗ್ರಿಲ್ ಬಂತು. ಹಡಗುಗಳನ್ನು ಆಗಾಗ ನವೀಕರಣಕ್ಕೆ ನಿಲ್ಲಿಸುತ್ತಾರೆ, ಆಗ ಡೆಕ್‌ನ ರೂಪವೇ ಬದಲಾಗಬಹುದು. ಹಳೆಯ ವಿಡಿಯೋ ನೋಡಿ ಟಿಕೆಟ್ ಕೊಂಡವರಿಗೆ ಹತ್ತಿದ ಮೇಲೆ ನಿರಾಸೆ ಆಗುವುದು ಹೀಗೆಯೇ. ಟಿಕೆಟ್ ದುಡ್ಡು ಕಟ್ಟುವ ಮೊದಲು ಕಂಪನಿಗೆ ಫೋನ್ ಮಾಡಿ, ಹಡಗಿನ ಹೆಸರು ಮತ್ತು ಹೊರಡುವ ತಾರೀಖು ಎರಡನ್ನೂ ಹೇಳಿ ಹೀಗೆ ಕೇಳಿ: ಆ ಪ್ರಯಾಣದಲ್ಲಿ ಗಾಜಿನ ಸ್ಟುಡಿಯೋ ನಡೆಯುತ್ತದಾ? ಬರೀ ಪ್ರದರ್ಶನವಾ, ಪ್ರಯಾಣಿಕರಿಗೆ ಕ್ಲಾಸೂ ಇದೆಯಾ? ಕ್ಲಾಸಿಗೆ ಬೇರೆ ದುಡ್ಡಾ? ಮಕ್ಕಳಿಗೆ ಎಷ್ಟು ವಯಸ್ಸಾಗಿರಬೇಕು? ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಂಡರೆ ಒಳ್ಳೆಯದು.

ಊರಿಂದ ಬಂದ ಅಪ್ಪ-ಅಮ್ಮನನ್ನು ಸಿಯಾಟಲ್‌ನಿಂದ ಅಲಾಸ್ಕಾ ಕ್ರೂಸಿಗೆ ಕರೆದುಕೊಂಡು ಹೋಗುವ ಕನ್ನಡಿಗರು ತುಂಬಾ ಜನ ಇದ್ದೀರಿ. ನಿಮಗೆ ಇನ್ನೊಂದು ಮಾತು. ಈ ಹಡಗುಗಳು ಸಾಮಾನ್ಯವಾಗಿ ವಾಪಸ್ ಬರುವಾಗ ಕೆನಡಾದ ವಿಕ್ಟೋರಿಯಾ ಬಂದರಿನಲ್ಲಿ ನಿಲ್ಲುತ್ತವೆ. ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಮೆರಿಕಕ್ಕೇ ವಾಪಸ್ ಬರಬೇಕಾದರೆ ನಡುವೆ ಒಂದು ಹೊರದೇಶದ ಬಂದರಿಗೆ ಹೋಗಲೇಬೇಕು ಅಂತ 1886ರ ಕಾನೂನು ಇದೆ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇರುವ, ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಕೆನಡಾ ವೀಸಾ ಬೇಕು. ಇದನ್ನು ತಿಂಗಳುಗಟ್ಟಲೆ ಮೊದಲೇ ನೋಡಿಕೊಳ್ಳಿ.

ಹಂತ 2: ಹಡಗು ಹತ್ತಿದ ದಿನವೇ ಹೆಸರು ಬರೆಸಿ

ಒಂದು ಸ್ಟುಡಿಯೋದಲ್ಲಿ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಲಿಸಲು ಆಗುತ್ತದೆ. ಒಂದು ವಸ್ತುವಿಗೆ ಅರ್ಧ ಗಂಟೆ ಆಸುಪಾಸು. ಸಾವಿರಾರು ಪ್ರಯಾಣಿಕರಿರುವ ಹಡಗಿನಲ್ಲಿ ಜಾಗ ಬೇಗ ತುಂಬುವುದು ಸಹಜ. ಲಗೇಜ್ ರೂಮಿಗೆ ಬರುವ ಮೊದಲೇ ಮೇಲೆ ಹೋಗಿ ಹೆಸರು ಕೊಟ್ಟುಬಿಡಿ. ಊಟ ಆಮೇಲೆ ಮಾಡಬಹುದು.

ಯಾವ ದಿನ ಆರಿಸಬೇಕು? ಕೊನೆಯ ಎರಡು ದಿನ ಬೇಡ. ಯಾಕೆ ಅಂದರೆ, ಮಾಡಿದ ಗಾಜು ಅವತ್ತೇ ಕೈಗೆ ಸಿಗುವುದಿಲ್ಲ. ಕುಲುಮೆಯಿಂದ ಬಂದ ಗಾಜನ್ನು ಹಾಗೇ ಗಾಳಿಗೆ ಇಟ್ಟರೆ ಹೊರಮೈ ಬೇಗ ಆರಿ ಕುಗ್ಗುತ್ತದೆ, ಒಳಗೆ ಇನ್ನೂ ಕಾವು ಇರುತ್ತದೆ. ಎರಡೂ ಒಂದನ್ನೊಂದು ಎಳೆದಾಡಿ ಗಾಜು ಟಪ್ ಅಂತ ಒಡೆಯುತ್ತದೆ. ಅದಕ್ಕೇ ಸುಮಾರು 480ರಿಂದ 500 ಡಿಗ್ರಿ ಸೆಲ್ಸಿಯಸ್ ಇರುವ ಆನೀಲರ್ ಎಂಬ ಗೂಡಿಗೆ ಹಾಕಿ, ರಾತ್ರಿಯಿಡೀ ನಿಧಾನವಾಗಿ ಕಾವು ಇಳಿಸುತ್ತಾರೆ. ದಪ್ಪ ವಸ್ತುವಾದರೆ ಇನ್ನೂ ಜಾಸ್ತಿ ಹೊತ್ತು. ಕೊನೆಯ ದಿನ ಮಾಡಿದರೆ ಗೂಡಿನಿಂದ ತೆಗೆಯಲು ಸಮಯ ಸಾಲದೇ ಪೇಚಾಡಬೇಕಾಗುತ್ತದೆ.

ಸಮುದ್ರದ ಬಗ್ಗೆಯೂ ಯೋಚಿಸಿ. ಸಿಯಾಟಲ್‌ನಿಂದ ಹೊರಟರೆ ಮೊದಲ ಪೂರ್ತಿ ದಿನ ಹಡಗು ಸಾಮಾನ್ಯವಾಗಿ ತೆರೆದ ಪೆಸಿಫಿಕ್‌ನಲ್ಲಿ ಸಾಗುತ್ತದೆ, ಓಲಾಟ ಇರಬಹುದು. ದ್ವೀಪಗಳ ನಡುವಿನ ನೀರಿಗೆ ಬಂದ ಮೇಲೆ ಶಾಂತ. ಗಾಳಿ ಜೋರಾದರೆ ಕ್ಲಾಸ್ ಮುಂದೆ ಹಾಕುತ್ತಾರೆ. ಪ್ರಯಾಣದ ನಡುವಿನ ಒಂದು ದಿನ ತೆಗೆದುಕೊಂಡರೆ, ರದ್ದಾದರೂ ಇನ್ನೊಂದು ದಿನ ಕೇಳಲು ಅವಕಾಶ ಇರುತ್ತದೆ. ನಾವು ಹಾಗೆಯೇ ಮಾಡಿದೆವು.

ಹಂತ 3: ಮೊದಲು ಸುಮ್ನೆ ಕೂತು ನೋಡಿ

ಪ್ರದರ್ಶನ ಇದ್ದರೆ ಕ್ಲಾಸಿಗೆ ಮೊದಲು ಒಂದು ಪೂರ್ತಿ ಪ್ರದರ್ಶನ ನೋಡಲೇಬೇಕು. ಐದು ನಿಮಿಷ ನಿಂತು ಫೋಟೊ ತೆಗೆದು ಹೋಗುವವರಿಗೆ ಏನೂ ಸಿಗುವುದಿಲ್ಲ.

ಕಲಾವಿದರ ಮುಖ ಬಿಟ್ಟು ಕೈಗಳನ್ನು ನೋಡಿ. ಮಾತಾಡುತ್ತಿರಲಿ, ನಡೆಯುತ್ತಿರಲಿ, ಕೊಳವೆ ತಿರುಗುವುದು ಒಂದು ಕ್ಷಣವೂ ನಿಲ್ಲುವುದಿಲ್ಲ. ಬೆಂಚಿನ ಮೇಲೆ ಕೂತಾಗ ಎಡಗೈ ಅಂಗೈಯಲ್ಲಿ ಚಪಾತಿ ಲಟ್ಟಣಿಗೆ ಉರುಳಿಸಿದ ಹಾಗೆ ಕೊಳವೆಯನ್ನು ಮುಂದೆ ಹಿಂದೆ ಉರುಳಿಸುತ್ತಿರುತ್ತಾರೆ. ಬಲಗೈಯಲ್ಲಿ ಉಪಕರಣ. ಆಗಾಗ ಎದ್ದು ಇನ್ನೊಂದು ಕುಲುಮೆಯ ಬಾಯಿಗೆ ಗಾಜನ್ನು ಹಿಡಿದು ಮತ್ತೆ ಕಾಯಿಸಿಕೊಂಡು ಬರುತ್ತಾರೆ. ಈ ಕುಲುಮೆಗೆ ಗ್ಲೋರಿ ಹೋಲ್ ಅಂತ ಹೆಸರು. ಹೀಗೆ ಕಾಯಿಸುವುದು, ತಿದ್ದುವುದು, ಮತ್ತೆ ಕಾಯಿಸುವುದು ಹತ್ತಾರು ಸಲ ನಡೆಯುತ್ತದೆ.

ಹಡಗಿನ ಕುಲುಮೆಗಳಲ್ಲಿ ಇನ್ನೊಂದು ವಿಶೇಷ ಇದೆ. ನೆಲದ ಮೇಲಿನ ಸ್ಟುಡಿಯೋಗಳಲ್ಲಿ ಹೆಚ್ಚಾಗಿ ಗ್ಯಾಸ್ ಉರಿ. ಹಡಗಿನಲ್ಲಿ ಬೆಂಕಿ ಅಂದರೆ ಎಲ್ಲರಿಗೂ ಭಯ, ತೆರೆದ ಉರಿ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಕಾರ್ನಿಂಗ್‌ನವರು ಪೂರ್ತಿ ಕರೆಂಟಿನಲ್ಲೇ ನಡೆಯುವ ಕುಲುಮೆಗಳನ್ನು ರೂಪಿಸಿದರು. ಗ್ಯಾಸ್ ಉರಿಯ ಭೋರ್ ಸದ್ದು ಇರುವುದಿಲ್ಲ. ಕಲಿಸುವವರ ಮಾತು ಚೆನ್ನಾಗಿ ಕೇಳುತ್ತದೆ. ಹೊಸಬರಿಗೆ ಇದು ದೊಡ್ಡ ಅನುಕೂಲ.

ಹಂತ 4: ಏನು ಮಾಡಬೇಕು ಅಂತ ತೀರ್ಮಾನಿಸಿ

ಸಾಮಾನ್ಯವಾಗಿ ಸಿಗುವ ಆಯ್ಕೆಗಳು: ಕಾಗದದ ಮೇಲೆ ಇಡುವ ಪೇಪರ್‌ವೇಟ್, ಗಾಜಿನ ಹೂವು, ತೂಗುಹಾಕುವ ಗುಂಡು, ಕುಡಿಯುವ ಲೋಟ, ಸಣ್ಣ ಬಟ್ಟಲು, ಹೂದಾನಿ. ನೋಡಲು ಹೂದಾನಿ ಎಲ್ಲಕ್ಕಿಂತ ಚೆಂದ. ಆದರೆ ಹೊಸಬರ ಹೂದಾನಿಯಲ್ಲಿ ಮುಕ್ಕಾಲು ಪಾಲು ಕೆಲಸ ಕಲಿಸುವವರದ್ದೇ. ಬಾಯಿ ಅಗಲಿಸುವುದು, ಕುತ್ತಿಗೆ ಎಳೆಯುವುದು ವರ್ಷಗಟ್ಟಲೆ ಕೈ ಪಳಗಿದವರಿಗೆ ಮಾತ್ರ ಸಾಧ್ಯ. ನೀವು ಎರಡು ಸಲ ಊದಿ, ಉಳಿದ ಹೊತ್ತು ನಿಂತು ನೋಡಬೇಕಾಗುತ್ತದೆ.

ನನ್ನ ಸಲಹೆ ಇದು. ಗಾಜು ಎಳೆದು ತಿರುಚುವ ಆಸೆ ಇದ್ದರೆ ಪೇಪರ್‌ವೇಟ್ ಅಥವಾ ಹೂವು ಮಾಡಿ. ಅದರಲ್ಲಿ ಊದುವುದೇ ಇಲ್ಲ, ಗಟ್ಟಿ ಗಾಜಿನ ಕೆಲಸ. ಆದರೆ ಚಿಮಟ ಹಿಡಿದು ಎಳೆಯುವುದು, ತಿರುಚುವುದು ನಿಮ್ಮ ಕೈಯಲ್ಲೇ ಇರುತ್ತದೆ. ಊದಲೇಬೇಕು ಅಂತಿದ್ದರೆ ತೂಗುಹಾಕುವ ಗುಂಡು ಒಳ್ಳೆಯದು. ಗುಳ್ಳೆ ದೊಡ್ಡದಾಗುವುದನ್ನು ನಿಮ್ಮ ಉಸಿರಿನಲ್ಲೇ ನೋಡಬಹುದು. ಬುಕ್ ಮಾಡುವಾಗ, "ಇದರಲ್ಲಿ ನಾನು ಯಾವ ಯಾವ ಹಂತ ಮಾಡುತ್ತೇನೆ?" ಅಂತ ನೇರವಾಗಿ ಕೇಳಿ. ಒಳ್ಳೆಯ ಕಲಾವಿದರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಬಣ್ಣವನ್ನು ಎರಡಕ್ಕೆ ಸೀಮಿತ ಮಾಡಿ. ಫ್ರಿಟ್ ಅನ್ನುವ ಬಣ್ಣದ ಗಾಜಿನ ರವೆಯನ್ನು ತಟ್ಟೆಯಲ್ಲಿ ಹರಡಿರುತ್ತಾರೆ, ಕಾದ ಗಾಜನ್ನು ಅದರ ಮೇಲೆ ಉರುಳಿಸಬೇಕು. ರವೆ ಅಂದದ್ದು ಹೋಲಿಕೆಗೆ ಅಲ್ಲ, ನಿಜವಾಗಿಯೂ ಬನ್ಸಿ ರವೆಯಷ್ಟೇ ದಪ್ಪ. ಕೋಬಾಲ್ಟ್ ಸೇರಿದ ಗಾಜು ಗಾಢ ನೀಲಿ, ತಾಮ್ರ ಸೇರಿದ್ದು ನವಿಲಿನ ಕತ್ತಿನ ಬಣ್ಣ, ಚಿಟಿಕೆ ಚಿನ್ನ ಸೇರಿದರೆ ಮಾಣಿಕ್ಯದ ಕೆಂಪು. ನಾಲ್ಕೈದು ಬಣ್ಣ ಬೆರೆಸಿದರೆ ಕೊನೆಗೆ ಕೆಸರಿನ ಬಣ್ಣವಾಗುವ ಸಾಧ್ಯತೆ ಜಾಸ್ತಿ.

ಅಮ್ಮ ಮಾತ್ರ ಬೇರೆಯೇ ಕೇಳಿದಳು. ಅವಳ ಅಮ್ಮನ ಒಂದು ಹಸಿರು ಗಾಜಿನ ಬಳೆ ಒಡೆದಿತ್ತು, ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿ ಪರ್ಸಿನಲ್ಲಿ ಇಟ್ಟುಕೊಂಡೇ ಓಡಾಡುತ್ತಾಳೆ. "ಇದನ್ನೂ ಹಾಕಬಹುದಾ ಕೇಳೇ" ಅಂದಳು. ನಮಗೆ ಕಲಿಸುವ ಕಲಾವಿದೆ ಚೂರನ್ನು ಬೆಳಕಿಗೆ ಹಿಡಿದು ನೋಡಿ, ಇದು ತುಂಬಾ ಚೆಂದ ಇದೆ, ಆದರೆ ಹಾಕುವಂತಿಲ್ಲ ಅಂದಳು. ಒಂದೊಂದು ಗಾಜು ಕಾದಾಗ ಹಿಗ್ಗುವ, ಆರಿದಾಗ ಕುಗ್ಗುವ ಲೆಕ್ಕ ಬೇರೆ ಬೇರೆ. ಎರಡು ಬಗೆ ಒಂದಾದರೆ ಮೇಲ್ನೋಟಕ್ಕೆ ಅಂಟಿಕೊಂಡರೂ, ಆರುವಾಗ ಅಥವಾ ಆಮೇಲೆ ಎಂದೋ ಬಿರುಕು ಬಿಡುತ್ತದೆ. ನೀವೂ ಇಂಥ ಚೂರು ತರಬೇಕು ಅಂದುಕೊಂಡಿದ್ದರೆ ಅದನ್ನು ಮನೆಯಲ್ಲೇ ಜೋಪಾನ ಮಾಡಿ. ಅಮ್ಮ ಆ ಹಸಿರಿಗೆ ಹೊಂದುವ ಫ್ರಿಟ್ ಆರಿಸಿಕೊಂಡಳು. ಬಳೆ ಚೂರನ್ನು ತಟ್ಟೆಯ ಪಕ್ಕ ಇಟ್ಟು, ಒಂದೊಂದಾಗಿ ಹೋಲಿಸಿ ನೋಡಿದಳು.

ಹಂತ 5: ಬಟ್ಟೆ, ಒಡವೆ, ಆರೋಗ್ಯ

ಹತ್ತಿ ಬಟ್ಟೆ ಹಾಕಿ. ನೈಲಾನ್, ಪಾಲಿಯೆಸ್ಟರ್ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅಲಾಸ್ಕಾದ ಚಳಿಗೆ ಅಂತ ಹಾಕುವ ಜಾಕೆಟ್‌ಗಳು ಬಹುತೇಕ ಇದೇ ಬಗೆಯವು, ಕುಲುಮೆ ಹತ್ತಿರ ಹೋಗುವಾಗ ಕಳಚಿಡಿ. ಪಾದ ಪೂರ್ತಿ ಮುಚ್ಚುವ ಶೂ ಕಡ್ಡಾಯ. ಕೂದಲು ಬಿಗಿಯಾಗಿ ಕಟ್ಟಿ. ದುಪಟ್ಟಾ ತೆಗೆದಿಡಿ. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೂ ಸಾಲದು, ಅವತ್ತು ಒಂದು ದಿನ ಚೂಡಿದಾರ ಹಾಕಿದರೆ ನೆಮ್ಮದಿ. ಕೈಯಲ್ಲಿ ಲೋಹದ ಬಳೆ, ಉಂಗುರ ಇದ್ದರೆ ತೆಗೆಯಿರಿ. ಕಾವಿಗೆ ಅವು ಬೇಗ ಬಿಸಿಯಾಗುತ್ತವೆ. ಕಣ್ಣಿಗೆ ಕನ್ನಡಕ ಅವರೇ ಕೊಡುತ್ತಾರೆ.

ನೀರು ಕುಡಿದು ಹೋಗಿ. ಗರ್ಭಿಣಿಯರು, ಉಬ್ಬಸ ಇರುವವರು, ಕಣ್ಣಿನ ಆಪರೇಷನ್ ಈಚೆಗೆ ಆದವರು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ತಲೆಸುತ್ತು ಬರುವ ದಿನ ಹೋಗಬೇಡಿ. ಕೈಗೆ ಬಲ ಇಲ್ಲ ಅಂತ ಹಿರಿಯರನ್ನು ಮಾತ್ರ ಹಿಂದೆ ಬಿಡಬೇಡಿ. ಭಾರ ಹೊರುವುದು ಕಲಿಸುವವರ ಕೆಲಸ, ಕೂತೇ ಮಾಡಬಹುದಾದದ್ದು ಬೇಕಾದಷ್ಟಿದೆ.

ಹಂತ 6: ಕುಲುಮೆ ಮುಂದೆ

ಈಗ ನಿಜವಾದ ಕೆಲಸ. ಒಂದು ಗುಂಡು ಊದುವ ಲೆಕ್ಕದಲ್ಲಿ ಹೇಳುತ್ತೇನೆ.

ಮೊದಲು ಗಾಜು ಎತ್ತುವುದು. ಕುಲುಮೆಯಲ್ಲಿ ಗಾಜು ಸುಮಾರು 1100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿರುತ್ತದೆ. ಹಪ್ಪಳ ಕರಿಯುವ ಎಣ್ಣೆಯ ಕಾವಿನ ಐದು ಪಟ್ಟಿಗೂ ಮೇಲೆ. ಹೊಸಬರಿಗೆ ಈ ಹಂತವನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ಕೊಡದಿದ್ದರೆ ಬೇಸರ ಬೇಡ. ಜೇನಿನ ಬಾಟಲಿಯಲ್ಲಿ ಚಮಚ ಅದ್ದಿ ತಿರುಗಿಸಿ ಎತ್ತುವ ಹಾಗೆ ಅವರು ಕೊಳವೆಯ ತುದಿಗೆ ಗಾಜು ಸುತ್ತಿ ತರುತ್ತಾರೆ. ಅಲ್ಲಿಂದ ಕೊಳವೆ ನಿಮ್ಮ ಕೈಗೆ.

ಹಿಡಿದ ಕ್ಷಣದಿಂದ ತಿರುಗಿಸಿ. ಇದೊಂದನ್ನು ಕಲಿತರೆ ಉಳಿದದ್ದು ಹಿಂದೆಯೇ ಬರುತ್ತದೆ. ಜೋರಾಗಿ ಬೇಡ, ನಿಲ್ಲಿಸಲೂ ಬೇಡ, ಒಂದೇ ಸಮ. ಕಾದ ಗಾಜನ್ನು ಭೂಮಿ ಕೆಳಗೆ ಎಳೆಯುತ್ತಲೇ ಇರುತ್ತದೆ. ತಿರುಗಿಸುತ್ತಿದ್ದರೆ ಆ ಎಳೆತ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗಿ ಗಾಜು ನಡುವಿನಲ್ಲೇ ನಿಲ್ಲುತ್ತದೆ. ನಾನು ಒಂದು ಸಲ ಕ್ಯಾಮೆರಾ ಕಡೆ ತಿರುಗಿ ನೋಡಿದೆ. ಎರಡೇ ಕ್ಷಣ. ಕೈ ನಿಂತದ್ದು ನನಗೇ ಗೊತ್ತಾಗಲಿಲ್ಲ. ನೋಡುವಷ್ಟರಲ್ಲಿ ಗಾಜು ಹಣ್ಣಾದ ಹೀರೇಕಾಯಿಯಂತೆ ಜೋತು ಬಿದ್ದಿತ್ತು. ಕಲಾವಿದೆ ಸರಕ್ಕನೆ ಕೊಳವೆಯನ್ನು ಅರ್ಧ ಸುತ್ತು ತಿರುಗಿಸಿ, ಜೋತ ಭಾಗ ಮೇಲೆ ಬರುವ ಹಾಗೆ ಹಿಡಿದಳು. ಗಾಜು ತಾನಾಗಿ ವಾಪಸ್ ಇಳಿದು ನಡುವಿಗೆ ಬಂತು. ಕೆಡಿಸಿದ ಎಳೆತವೇ ಸರಿಪಡಿಸಿತು. ನೆನಪಿಡಿ: ಫೋಟೊ ತೆಗೆಯುವ ಕೆಲಸವನ್ನು ಜೊತೆಗಿದ್ದವರಿಗೆ ಕೊಡಿ, ನೀವು ಗಾಜಿನಿಂದ ಕಣ್ಣು ತೆಗೆಯಬೇಡಿ.

ಆಮೇಲೆ ಮಾರ್ವರ್. ಇದು ನುಣುಪಾದ ಉಕ್ಕಿನ ಮೇಜು. ಗಾಜನ್ನು ಇದರ ಮೇಲೆ ಉರುಳಿಸಿದರೆ ಹೊರಮೈ ಸ್ವಲ್ಪ ಆರಿ ಒಂದು ಸಿಪ್ಪೆ ಕಟ್ಟುತ್ತದೆ, ಆಕಾರವೂ ಉದ್ದುದ್ದ ಆಗುತ್ತದೆ. ನಂತರ ಬಣ್ಣದ ಫ್ರಿಟ್ ಮೇಲೆ ಉರುಳಿಸಿ, ಗ್ಲೋರಿ ಹೋಲ್‌ನಲ್ಲಿ ಕಾಯಿಸಿ ಕರಗಿಸಬೇಕು. ಈ ಹೊತ್ತಿನಲ್ಲಿ ಬಣ್ಣ ಹುಡುಕಬೇಡಿ. ಕಾದ ಗಾಜಿನಲ್ಲಿ ಎಲ್ಲವೂ ಕೆಂಡದ ಬಣ್ಣವೇ. ನೀಲಿ ಕಾಣಲಿಲ್ಲ ಅಂತ ಗಾಬರಿಯಾಗಿ ಇನ್ನಷ್ಟು ಹಾಕಿಸುವವರಿದ್ದಾರೆ, ಮಾರನೇ ದಿನ ನೋಡಿದರೆ ಕಪ್ಪಾಗಿರುತ್ತದೆ.

ಗಾಜನ್ನು ದುಂಡಗೆ ಮಾಡುವ, ಚೆರಿ ಮರದ ಸೌಟಿನಂಥ ಅಚ್ಚು ಒಂದು ಬಕೆಟ್ ನೀರಿನಲ್ಲಿ ಮುಳುಗಿರುತ್ತದೆ. ಇನ್ನೊಂದು ಪಕ್ಕ, ಹಲವು ಪದರ ಮಡಿಸಿ ಒದ್ದೆ ಮಾಡಿದ ದಿನಪತ್ರಿಕೆ. ಹೌದು, ಸಾವಿರ ಡಿಗ್ರಿ ಗಾಜನ್ನು ಒದ್ದೆ ಪೇಪರ್ ಹಿಡಿದ ಅಂಗೈಯಿಂದ ತಿದ್ದುತ್ತಾರೆ. ಗಾಜು ತಾಕಿದಾಗ ನೀರು ಆವಿಯಾಗಿ ನಡುವೆ ತೆಳು ಪದರ ನಿಲ್ಲುತ್ತದೆ, ಅದರ ಮೇಲೆ ಗಾಜು ಜಾರುತ್ತದೆ. ಕಾದ ಕಾವಲಿಗೆ ಚಿಮುಕಿಸಿದ ನೀರಿನ ಹನಿ ಉರುಳಾಡುವುದನ್ನು ನೋಡಿದ್ದೀರಲ್ಲ, ಅದೇ ಕಾರಣ. ಸುಟ್ಟ ಕಾಗದದ ವಾಸನೆ, ಚುಯ್ ಅನ್ನುವ ಸದ್ದು, ಅಂಗೈಗೆ ಬರುವ ದುಂಡನೆಯ ಅಂದಾಜು. ಈ ಅವಕಾಶ ಕೊಟ್ಟರೆ ಬಿಡಲೇಬೇಡಿ.

ಈಗ ಊದುವುದು. ಬಲೂನ್ ಊದುವ ಹಾಗೆ ಕೆನ್ನೆ ಉಬ್ಬಿಸಿ ಜೋರಾಗಿ ಊದುತ್ತಾರೆ ಎಲ್ಲರೂ. ಅದು ತಪ್ಪು. ಅಮ್ಮನಿಗೆ ಹೇಳಿಕೊಡಬೇಕಾಗಲಿಲ್ಲ. ಸೌದೆ ಒಲೆ ಮುಂದೆ ಊದುಕೊಳವೆ ಹಿಡಿದು ಬೆಳೆದವಳು, ಉಸಿರನ್ನು ಸಣ್ಣಗೆ, ಉದ್ದಕ್ಕೆ, ಒಂದೇ ಸಮ ಬಿಟ್ಟಳು. ಗಾಜಿನ ಒಳಗೆ ಕಡಲೆ ಕಾಳಿನಷ್ಟು ಗುಳ್ಳೆ ಹುಟ್ಟಿತು. ನಿಧಾನವಾಗಿ ಗೋಲಿಯಷ್ಟಾಯಿತು. ಕಲಾವಿದೆ ಕಣ್ಣರಳಿಸಿ, ಇದಕ್ಕೆ ಮೊದಲು ಮಾಡಿದ್ದೀರಾ ಅಂತ ಕೇಳಿದಳು. ನಾನು ಅನುವಾದಿಸಿದೆ. ಅಮ್ಮ, "ಒಲೆ ಊದಿದ್ದೀನಿ ಅಂತ ಹೇಳು" ಅಂದಳು.

ಕೆಲವು ಕಡೆ ಕೊಳವೆಗೆ ರಬ್ಬರ್ ನಳಿಕೆ ಜೋಡಿಸಿ ಅದರ ತುದಿಯಲ್ಲಿ ಊದಲು ಕೊಡುತ್ತಾರೆ. ಆಗ ಕೊಳವೆ ತಿರುಗಿಸುವುದು ಅವರು, ಉಸಿರು ನಿಮ್ಮದು. ಒಬ್ಬೊಬ್ಬರಿಗೂ ಬಾಯಿತುದಿ ಬೇರೆ ಕೊಡುತ್ತಾರಾ ಅಂತ ಕೇಳಿಕೊಳ್ಳಿ. ಗುಳ್ಳೆ ಒಂದೇ ಕಡೆ ಉಬ್ಬಿದರೆ ಆ ಭಾಗ ಜಾಸ್ತಿ ಕಾದಿದೆ ಅಂತ ಅರ್ಥ. ಊದುವುದು ನಿಲ್ಲಿಸಿ, ಅವರು ಒದ್ದೆ ಪೇಪರಿನಿಂದ ಆ ಭಾಗ ಆರಿಸುವವರೆಗೆ ಕಾಯಿರಿ. ಗಾಜಿನ ಎಲ್ಲ ಆಕಾರವೂ ಈ ಬಿಸಿ-ತಣಿಯ ಆಟವೇ. ಬಿಸಿ ಇರುವ ಕಡೆ ಹಿಗ್ಗುತ್ತದೆ, ಆರಿದ ಕಡೆ ಗಟ್ಟಿ ನಿಲ್ಲುತ್ತದೆ.

ಹಡಗು ಓಲಾಡಿದರೆ? ಬೆಂಚಿನಲ್ಲಿ ಕೂತವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ನಿಂತಾಗ ಮಾತ್ರ ಕಾಲು ಸ್ವಲ್ಪ ಅಗಲಿಸಿ, ಮೊಣಕಾಲು ಸಡಿಲ ಬಿಡಿ. ಎದ್ದು ನಡೆಯುವಾಗ ಕಲಿಸುವವರು ಹೇಳಿದ ದಾರಿಯಲ್ಲೇ ನಡೆಯಿರಿ. ಕೊಳವೆಯ ತುದಿ ಯಾವಾಗಲೂ ನೆಲದ ಕಡೆ ಇರಲಿ. ಬಿದ್ದ ಗಾಜಿನ ಚೂರನ್ನು ಕೈಯಿಂದ ಎತ್ತಬೇಡಿ. ಕೆಂಪು ಬಣ್ಣ ಹೋದ ಮೇಲೂ ಅದು ಹಲವು ನೂರು ಡಿಗ್ರಿ ಇರುತ್ತದೆ. ನೋಡಲು ತಣ್ಣಗಿರುವ ಗಾಜೇ ಹೆಚ್ಚು ಅಪಾಯ.

ಕೊನೆಗೆ ಜ್ಯಾಕ್ಸ್. ದೊಡ್ಡ ಇಕ್ಕಳದಂಥ ಈ ಉಪಕರಣದ ಎರಡು ಅಲಗುಗಳ ನಡುವೆ ಗುಳ್ಳೆಯ ಕತ್ತನ್ನು ಹಿಡಿದು, ತಿರುಗಿಸುತ್ತಾ ಮೆಲ್ಲಗೆ ಅದುಮಬೇಕು. ಅಲ್ಲೊಂದು ಸಣ್ಣ ಸೊಂಟ ಮೂಡುತ್ತದೆ. ಜೋರು ಮಾಡಬೇಡಿ, ಒಂದು ಕಡೆ ಒತ್ತಿದರೆ ಸೊಂಟ ಓರೆಯಾಗುತ್ತದೆ. ಆ ಸೊಂಟಕ್ಕೆ ಒಂದು ಹನಿ ನೀರು ಬಿಟ್ಟು ಕೊಳವೆಯನ್ನು ತಟ್ಟಿದರೆ ಗುಂಡು ಅಲ್ಲಿಗೆ ಸರಿಯಾಗಿ ಬಿಡಿಸಿಕೊಳ್ಳುತ್ತದೆ. ಮೇಲೆ ಒಂದು ತೊಟ್ಟು ಬಿಸಿ ಗಾಜು ಸುರಿದು, ಚಿಮಟದಿಂದ ಎಳೆದು ಸುತ್ತಿ ತೂಗುಹಾಕುವ ಕೊಕ್ಕೆ ಮಾಡುತ್ತಾರೆ. ಲೋಟ, ಬಟ್ಟಲಾದರೆ ತಳಕ್ಕೆ ಪಂಟಿ ಎಂಬ ಇನ್ನೊಂದು ಕಂಬಿ ಅಂಟಿಸಿ, ಬಾಯಿ ಕಡೆ ಬಿಡಿಸಿ, ಅದನ್ನು ಕಾಯಿಸಿ ಅಗಲಿಸುತ್ತಾರೆ. ಕೈಯಿಂದ ಮಾಡಿದ ಲೋಟದ ತಳದಲ್ಲಿ ಕಾಣುವ ಸಣ್ಣ ಗಾಯದ ಗುರುತು ಈ ಪಂಟಿಯದ್ದು.

ಬಿಡಿಸಿದ ಗುಂಡನ್ನು ದಪ್ಪ ಕೈಗವಸು ಹಾಕಿದ ಸಹಾಯಕ ಹಿಡಿದು ಆನೀಲರ್ ಗೂಡಿಗೆ ಓಡುತ್ತಾನೆ. ಅಷ್ಟೇ. ನಿಮ್ಮ ಗಾಜು ಅವತ್ತು ಮತ್ತೆ ಕಾಣುವುದಿಲ್ಲ.

ಕೆಲವೊಮ್ಮೆ ಈ ಕೊನೆಯ ಗಳಿಗೆಯಲ್ಲೇ ಗಾಜು ಬೀಳುತ್ತದೆ ಅಥವಾ ಬಿರುಕು ಬಿಡುತ್ತದೆ. ಇಪ್ಪತ್ತು ವರ್ಷ ಅನುಭವ ಇರುವವರಿಗೂ ಆಗುತ್ತದೆ. ಒಡೆದರೆ ಮತ್ತೊಂದು ಮಾಡಿಕೊಡುತ್ತಾರಾ ಅಂತ ಬುಕಿಂಗ್ ಸಮಯದಲ್ಲೇ ಕೇಳಿಟ್ಟುಕೊಳ್ಳಿ.

ಹಂತ 7: ಹಡಗಿನಲ್ಲಿ ಸಿಗದಿದ್ದರೆ

ಗಾಳಿಗೆ ರದ್ದಾಯಿತು, ಜಾಗ ಸಿಗಲಿಲ್ಲ, ಅಥವಾ ಹಡಗಿನಲ್ಲಿ ಸ್ಟುಡಿಯೋನೇ ಇಲ್ಲ. ಆಗ ಹತ್ತುವ ಊರನ್ನೇ ನೋಡಿ.

ಅಲಾಸ್ಕಾ ಕ್ರೂಸಿಗೆ ಸಿಯಾಟಲ್‌ನಿಂದ ಹೊರಡುವವರು ಅದೃಷ್ಟವಂತರು. ಅಮೆರಿಕದಲ್ಲಿ ಗಾಜಿನ ಕಲೆಗೆ ಅದಕ್ಕಿಂತ ದೊಡ್ಡ ತವರು ಕಡಿಮೆ. ಹೆಸರಾಂತ ಗಾಜಿನ ಕಲಾವಿದ ಡೇಲ್ ಚಿಹುಲಿ ಮತ್ತು ಗೆಳೆಯರು 1971ರಲ್ಲಿ ಅದರ ಉತ್ತರಕ್ಕೆ ಕಾಡಿನ ನಡುವೆ ಪಿಲ್ಚಕ್ ಗಾಜಿನ ಶಾಲೆ ಶುರು ಮಾಡಿದರು. ಅಲ್ಲಿಂದ ಬಂದವರು ಊರಿನ ತುಂಬಾ ಸ್ಟುಡಿಯೋ ಇಟ್ಟಿದ್ದಾರೆ, ಹೊಸಬರಿಗೂ ಕೈಗೆ ಕೊಳವೆ ಕೊಡುವ ಕಡೆಗಳಿವೆ. ಹಡಗು ಹತ್ತುವ ಎರಡು ದಿನ ಮೊದಲೇ ಬಂದರೆ, ಮಾಡಿದ್ದನ್ನು ಕೈಯಲ್ಲೇ ತೆಗೆದುಕೊಂಡು ಹೋಗಬಹುದು. ಸಿಯಾಟಲ್‌ನ ಸ್ಪೇಸ್ ನೀಡಲ್ ಗೋಪುರದ ಬುಡದಲ್ಲಿ 2012ರಿಂದ ಇರುವ, ಚಿಹುಲಿಯ ಗಾಜಿನ ಕಲಾಕೃತಿಗಳ ಚಿಹುಲಿ ಗಾರ್ಡನ್ ನೋಡಿ. ಹತ್ತಿರದ ಟಕೋಮಾ ಊರಿನ ಗಾಜಿನ ಮ್ಯೂಸಿಯಂನಲ್ಲಿ ದೊಡ್ಡ ಓರೆ ಗೋಪುರದೊಳಗೆ ಕುಲುಮೆ ಇದೆ, ಗ್ಯಾಲರಿಯಲ್ಲಿ ಕೂತು ಕೆಲಸ ನೋಡಬಹುದು.

ಮೆಡಿಟರೇನಿಯನ್ ಕಡೆ ಹೋಗುವವರಿಗೆ ಮುರಾನೊ ನೆನಪಾಗುವುದು ಸಹಜ. 1291ರಲ್ಲಿ ವೆನಿಸ್ ಆಡಳಿತ ಊರಿಗೆ ಬೆಂಕಿ ತಗಲೀತು ಅಂತ ಕುಲುಮೆಗಳನ್ನೆಲ್ಲ ಈ ದ್ವೀಪಕ್ಕೆ ಕಳಿಸಿತು. ಇಂದಿಗೂ ಅಲ್ಲಿ ಕೆಲಸ ನಡೆಯುತ್ತಿದೆ. ಆದರೆ 2021ರ ಆಗಸ್ಟ್‌ನಿಂದ ದೊಡ್ಡ ಕ್ರೂಸ್ ಹಡಗುಗಳು ವೆನಿಸ್‌ನ ಜುಡೆಕ್ಕಾ ಕಾಲುವೆಗೆ ಬರುವಂತಿಲ್ಲ. ಟಿಕೆಟ್‌ನಲ್ಲಿ ವೆನಿಸ್ ಅಂತ ಇದ್ದರೂ ಹಲವು ಹಡಗುಗಳು ನಿಲ್ಲುವುದು ರಾವೆನ್ನಾದಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆಗೂ ಮೇಲೆ. ಒಂದೇ ದಿನದ ನಿಲುಗಡೆಯಲ್ಲಿ ಮುರಾನೊ ಕ್ಲಾಸ್ ಇಟ್ಟುಕೊಳ್ಳಬೇಡಿ. ಒಂದು ದಿನ ಮುಂಚೆ ಬಂದು ವೆನಿಸ್‌ನಲ್ಲೇ ತಂಗಿ. ದೋಣಿಗೆ ಕಾಸಿಲ್ಲ ಅಂತ ಕರೆದು ನೇರ ಅಂಗಡಿಗೆ ಒಯ್ಯುವವರ ಹಿಂದೆ ಹೋದರೆ ಪ್ರದರ್ಶನ ಹತ್ತು ನಿಮಿಷ, ವ್ಯಾಪಾರ ಒಂದು ಗಂಟೆ.

ಹಂತ 8: ಮನೆಗೆ ತರುವುದು

ಮಾರನೇ ದಿನ ಅಥವಾ ಅವರು ಹೇಳಿದ ದಿನ ಹೋಗಿ ತೆಗೆದುಕೊಳ್ಳಿ. ಡಬ್ಬಿ ಕಟ್ಟುವ ಮೊದಲು ಬೆಳಕಿಗೆ ಹಿಡಿದು ಸುತ್ತ ನೋಡಿ. ಒಳಗಿನ ಸಣ್ಣ ಗುಳ್ಳೆಗಳು ದೋಷ ಅಲ್ಲ. ಬೆಳಕಿಗೆ ಫಳಕ್ ಅನ್ನುವ ಕೂದಲೆಳೆಯಂಥ ಗೆರೆ ಇದ್ದರೆ ಅದು ಬಿರುಕು, ಆಗಲೇ ಹೇಳಿ. ತಳ ಚೂಪಾಗಿದ್ದರೆ ಉಜ್ಜಿಕೊಡಲು ಕೇಳಿ.

ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಗುಂಡಿನ ಕೊಕ್ಕೆಯೇ ಮೊದಲು ಮುರಿಯುವ ಜಾಗ, ಅದರ ಸುತ್ತ ಕಾಗದ ತುರುಕಿ ಆಸರೆ ಕೊಡಿ. ಆಮೇಲೆ ಇಡೀ ಗುಂಡನ್ನು ಉಣ್ಣೆ ಕಾಲುಚೀಲದೊಳಗೆ ಇಳಿಸಿ, ಗಟ್ಟಿ ಡಬ್ಬಿಯ ನಡುವೆ ಇಡಿ. ಡಬ್ಬಿ ಅಲುಗಾಡಿಸಿದರೆ ಒಳಗೆ ಏನೂ ಸದ್ದಾಗಬಾರದು. ಅಮ್ಮ ತನ್ನದನ್ನು ಹತ್ತಿ ಸೀರೆಯ ಮಡಿಕೆಯಲ್ಲಿ ಸುತ್ತಿ ತಂದಳು, ಅದೂ ಚೆನ್ನಾಗಿಯೇ ಬಂತು.

ಮನೆಯಲ್ಲಿ ಕೈಯಿಂದ ತೊಳೆಯಿರಿ, ಉಗುರುಬೆಚ್ಚಗಿನ ನೀರು ಸಾಕು. ಕೈಯಿಂದ ಮಾಡಿದ ಲೋಟಕ್ಕೆ ಬಿಸಿ ಕಾಫಿ ಸುರಿಯಬೇಡಿ. ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುವ ಗಾಜಿಗೆ ದಿಢೀರ್ ಕಾವು ಆಗುವುದಿಲ್ಲ. ಗುಂಡನ್ನು ತೂಗುಹಾಕುವುದಾದರೆ ದಾರ ಬೇಡ, ಮೀನು ಹಿಡಿಯುವ ಗಟ್ಟಿ ನೈಲಾನ್ ಎಳೆ ಬಳಸಿ. ಫ್ಯಾನ್ ಗಾಳಿಗೆ ಗೋಡೆಗೆ ಬಡಿಯದ ಹಾಗೆ ಕಿಟಕಿಯ ನಡುವೆ ಕಟ್ಟಿ. ಅಮ್ಮನ ಹಸಿರು ಗುಂಡು ಮಂಡ್ಯದ ಮನೆಯ ಪೂರ್ವದ ಕಿಟಕಿಯಲ್ಲಿದೆ. ಬೆಳಿಗ್ಗೆ ಏಳೂವರೆ ಹೊತ್ತಿಗೆ ಅದರ ಬೆಳಕು ಅಡುಗೆಮನೆಯ ಗೋಡೆಗೆ ಬೀಳುತ್ತದೆ. ಅದರ ಕೆಳಗಿನ ಗೂಡಿನಲ್ಲಿ ಬಳೆ ಚೂರು ಕಟ್ಟಿದ ಕರವಸ್ತ್ರ ಇಟ್ಟಿದ್ದಾಳೆ.